ಪಾಠ ಮಾಡುವವಳು ಜೀನ್ಸ್ ಹೊಲಿಸಬಾರದೇ? ನಮ್ಮ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಹಾಗೂ ಸದಸ್ಯರು,
ಆಡಳಿತ ಮಂಡಳಿ,
ನಾನು ಪಾಠ ಮಾಡುವ ಖಾಸಗಿ ಪದವಿ ಕಾಲೇಜು, ಬಳ್ಳಾರಿ.

ವಿಷಯ: ಪೂರ್ಣಾವಧಿ ಉಪನ್ಯಾಸಕರು ಸ್ವಂತ ಉದ್ಯೋಗ ನಡೆಸಬಾರದೆಂಬ ತಮ್ಮ ಜ್ಞಾಪನಕ್ಕೆ ಉತ್ತರ ಮತ್ತು ಮನವಿ.

ಮಾನ್ಯರೇ,

ಕಳೆದ ಶನಿವಾರ ಕೊನೆಯ ಅವಧಿ ಮುಗಿಸಿ ಕೈಗಂಟಿದ ಸೀಮೆಸುಣ್ಣ ತೊಳೆಯುತ್ತಿದ್ದೆ. ಅಟೆಂಡರ್ ಬಂದು ಟಪಾಲು ಪುಸ್ತಕ ಮುಂದೆ ಹಿಡಿದರು. ಸಹಿ ಹಾಕಿ ಲಕೋಟೆ ಒಡೆದೆ. ಸಂಸ್ಥೆಯ ಪೂರ್ಣಾವಧಿ ಬೋಧಕರು ಯಾವುದೇ ವ್ಯಾಪಾರ ವಹಿವಾಟು ನಡೆಸತಕ್ಕದ್ದಲ್ಲ, ತಾವು ಜೀನ್ಸ್ ಹೊಲಿಗೆ ಘಟಕ ನಡೆಸುತ್ತಿರುವುದು ಗಮನಕ್ಕೆ ಬಂದಿದೆ, 15 ದಿನಗಳೊಳಗೆ ನಿಲ್ಲಿಸಿ ಮುಚ್ಚಳಿಕೆ ಬರೆದುಕೊಡತಕ್ಕದ್ದು, ತಪ್ಪಿದಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಗುವುದು ಎಂದು ಅದರಲ್ಲಿತ್ತು. ಹನ್ನೊಂದು ವರ್ಷದ ನೌಕರಿಯಲ್ಲಿ ನನಗೆ ಬಂದ ಮೊದಲ ಮೆಮೊ ಇದು.

ಪ್ರಾಂಶುಪಾಲರ ಮೂಲಕ ನನ್ನ ಲಿಖಿತ ಉತ್ತರ ತಮಗೆ ತಲುಪಿದೆ. ಅದೇ ಮಾತನ್ನು ಇಲ್ಲಿ ಎಲ್ಲರೆದುರು ಬರೆಯಲು ಕಾರಣವಿದೆ. ಇಂಥದ್ದೇ ಕಾಗದ ನನ್ನ ಇಬ್ಬರು ಸಹೋದ್ಯೋಗಿಗಳಿಗೂ ಬಂದಿದೆ. ಸಂಜೆ ಹೊಲಕ್ಕೋ ಅಂಗಡಿಗೋ ಹೋಗಿ ಮನೆ ನಡೆಸುವ ಖಾಸಗಿ ಕಾಲೇಜಿನ ಮೇಷ್ಟ್ರುಗಳು ರಾಯಚೂರಿನಲ್ಲೂ ಕೊಪ್ಪಳದಲ್ಲೂ ನನಗೆ ಗೊತ್ತಿದ್ದಾರೆ. ಅವರೆಲ್ಲರ ತಲೆಯ ಮೇಲೂ ಈ ಪ್ರಶ್ನೆ ತೂಗುತ್ತಿದೆ. ಕಾಲೇಜಿನ ಹೆಸರು ಬರೆಯುತ್ತಿಲ್ಲ. ಅಲ್ಲಿ ಓದುವ ಮಕ್ಕಳ ಅಂಕಪಟ್ಟಿಯ ಮೇಲೆ ಆ ಹೆಸರಿದೆ, ಅದಕ್ಕೆ ನನ್ನಿಂದ ಕಳಂಕ ಬರುವುದು ಬೇಡ.

ಮೊದಲು ಸಂಬಳದ ಮಾತು. ನನಗೆ ತಿಂಗಳಿಗೆ ₹19,000 ಬರುತ್ತದೆ, ವರ್ಷಕ್ಕೆ ಹತ್ತು ತಿಂಗಳು. ಉಳಿದೆರಡು ತಿಂಗಳು ರಜೆಯೆಂಬ ಲೆಕ್ಕ. ಆ ರಜೆಯಲ್ಲೇ ಪಿಯುಸಿ ಫಲಿತಾಂಶ ಬರುತ್ತದೆ. ಕುರುಗೋಡು, ಸಿರುಗುಪ್ಪ, ಸಂಡೂರು ಕಡೆಯ ಹಳ್ಳಿಗಳಿಗೆ ಬಿಸಿಲಲ್ಲಿ ಕರಪತ್ರ ಹಿಡಿದು ಹೋಗಿ ಅಡ್ಮಿಷನ್ ತರುವವರು ನಾವೇ. ಬಳ್ಳಾರಿಯ ಮೇ ತಿಂಗಳ ಬಿಸಿಲು ಹೇಗಿರುತ್ತದೆ ಎಂದು ತಮಗೆ ನಾನು ಹೇಳಬೇಕಿಲ್ಲ. ಶುಲ್ಕ ವಸೂಲಿ ತಡವಾದರೆ ಸಂಬಳವೂ ತಡ. ಒಂದು ವರ್ಷ ಗಣೇಶ ಚೌತಿಗೆ ಬರಬೇಕಾದ ಸಂಬಳ ದೀಪಾವಳಿಗೆ ಬಂತು.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಅವರ ಆರಂಭಿಕ ಮೂಲ ವೇತನ ₹57,700. ನಾನು ಆ ಹುದ್ದೆಗೆ ಬೇಕಾದ ರಾಜ್ಯ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದವಳು, ವಾರಕ್ಕೆ 20 ಗಂಟೆ ಪಾಠ ಮಾಡುತ್ತೇನೆ. ಸರ್ಕಾರಿ ಕಾಲೇಜಿನವರಷ್ಟೇ ಕೊಡಿ ಎಂದು ನಾನು ಕೇಳುತ್ತಿಲ್ಲ. ಶುಲ್ಕವನ್ನೇ ನಂಬಿದ ಕಾಲೇಜಿನ ಆದಾಯ ಎಷ್ಟು, ಖರ್ಚು ಎಷ್ಟು ಎಂಬ ಅಂದಾಜು ವಾಣಿಜ್ಯ ಕಲಿಸುವ ನನಗಿದೆ. ಸರ್ಕಾರಿ ನೌಕರರ ನಡತೆ ನಿಯಮಗಳು ಪೂರ್ವಾನುಮತಿಯಿಲ್ಲದೆ ವ್ಯಾಪಾರ ಮಾಡಬೇಡಿ ಎನ್ನುತ್ತವೆ. ಅದನ್ನು ನಾನು ಒಪ್ಪುತ್ತೇನೆ. ಅವರಿಗೆ ಹನ್ನೆರಡು ತಿಂಗಳ ಸಂಬಳವಿದೆ, ರಜೆಯಿದೆ, ಕಾಯಿಲೆ ಬಿದ್ದರೆ ಆಸರೆಯಿದೆ. ಆ ಆಸರೆಯ ಬದಲಿಗೆ ಅವರು ತಮ್ಮ ಪೂರ್ತಿ ಸಮಯ ಕೊಡುತ್ತಾರೆ. ತಾವು ನನ್ನಿಂದ ಕೇಳುತ್ತಿರುವುದು ಅವರ ಕಟ್ಟುಪಾಡನ್ನು, ಕೊಡುತ್ತಿರುವುದು ಹತ್ತು ತಿಂಗಳ ಕೂಲಿಯನ್ನು.

ಸರ್ಕಾರಿ ಕಾಲೇಜುಗಳ ಅತಿಥಿ ಉಪನ್ಯಾಸಕರು 2023ರ ನವೆಂಬರ್‌ನಲ್ಲಿ ಮುಷ್ಕರಕ್ಕೆ ಕೂತು ಹೊಸ ವರ್ಷದವರೆಗೆ ಎದ್ದಿರಲಿಲ್ಲ. 2024ರ ಜನವರಿಯಲ್ಲಿ ಅವರ ಗೌರವಧನ ಕನಿಷ್ಠ ₹5,000 ಹೆಚ್ಚಾಯಿತು. ಸೇವೆ ಕಾಯಂ ಮಾಡಬೇಕೆಂಬ ಅವರ ಮುಖ್ಯ ಬೇಡಿಕೆ ಹಾಗೇ ಉಳಿಯಿತು, ಆದರೂ ಕೇಳಲು ಅವರಿಗೊಂದು ಸರ್ಕಾರವಿತ್ತು. ನಮಗೆ ಇರುವವರು ತಾವು. ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ಇನ್ನು ಆ ಘಟಕದ ವಿಚಾರ. ಕೌಲ್ ಬಜಾರಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆ ಮತ್ತು ಪಡಸಾಲೆಯಲ್ಲಿ ಎಂಟು ಯಂತ್ರಗಳಿವೆ. ನನ್ನಪ್ಪ ಮೂವತ್ತು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದರು. ಈ ಊರಿಗೆ ಜೀನ್ಸ್ ಬಂದದ್ದು ಹೇಗೆಂದು ಕೇಳಿದರೆ, ಬ್ರಿಟಿಷರ ದಂಡಿನ ಸಿಪಾಯಿಗಳಿಗೆ ಸಮವಸ್ತ್ರ ಹೊಲಿಯಲು ಬಂದ ದರ್ಜಿಗಳಿಂದ ಕಥೆ ಶುರು ಮಾಡುತ್ತಿದ್ದರು. ಅವರು ತೀರಿಕೊಂಡಾಗ ಉಳಿದದ್ದು ಈ ಎಂಟು ಯಂತ್ರ, ಅವುಗಳ ಮೇಲಿನ ಬ್ಯಾಂಕ್ ಸಾಲ, ಮತ್ತು ಅದನ್ನೇ ನಂಬಿದ ಒಂಬತ್ತು ಜನ. ಯಂತ್ರ ಮಾರಿದ್ದರೆ ಸಾಲದ ಅರ್ಧವೂ ತೀರುತ್ತಿರಲಿಲ್ಲ. ಓಡಿಸಿದರೆ ತೀರುತ್ತಿತ್ತು, ಓಡಿಸಿದೆ. ಹೋದ ವರ್ಷ ಸಾಲ ತೀರಿತು.

ನಮ್ಮದು ಜಾಬ್ ವರ್ಕ್. ದೊಡ್ಡ ತಯಾರಕರಲ್ಲಿ ಕಟ್ ಆದ ಬಟ್ಟೆ ಬಂಡಲ್ ಕಟ್ಟಿ ನಮ್ಮಲ್ಲಿಗೆ ಬರುತ್ತದೆ. ಹೊಲಿದು ಕಳಿಸುತ್ತೇವೆ. ವಾಷಿಂಗ್ ಬೇರೆ ಕಡೆ, ಇಸ್ತ್ರಿ ಪ್ಯಾಕಿಂಗ್ ಮತ್ತೊಂದು ಕಡೆ, ಲೇಬಲ್ ಇನ್ಯಾರದೋ. ಬೆಳಿಗ್ಗೆ ಐದೂವರೆಗೆ ಎದ್ದು ಅವತ್ತಿನ ಬಂಡಲ್ ಹಂಚಿ, ದಾರ, ಜಿಪ್, ರಿವೆಟ್ ಎಣಿಸಿಟ್ಟು 9.30ಕ್ಕೆ ಕಾಲೇಜಿನಲ್ಲಿರುತ್ತೇನೆ. ಹಗಲು ಪೂರ್ತಿ ಘಟಕ ನೋಡಿಕೊಳ್ಳುವವರು ಅಮ್ಮ ಮತ್ತು ಅಪ್ಪನ ಕಾಲದ ಹಿರಿಯ ಟೈಲರ್. ಕಾಲೇಜಿನ ವೇಳೆಯಲ್ಲಿ ನನ್ನ ಫೋನ್ ಬ್ಯಾಗಿನಲ್ಲಿ ಆಫ್ ಆಗಿರುತ್ತದೆ. ಲೆಕ್ಕ ಬರೆಯುವುದು ರಾತ್ರಿ. ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ತಾಣವಾದ ಉದ್ಯಮ್ ಪೋರ್ಟಲ್‌ನಲ್ಲಿ ಘಟಕ ನನ್ನ ಹೆಸರಿನಲ್ಲೇ ನೋಂದಣಿಯಾಗಿದೆ. ಆದಾಯ ತೆರಿಗೆಗೆ ಸಂಬಳ ಮತ್ತು ಘಟಕದ ಗಳಿಕೆ ಎರಡನ್ನೂ ಐಟಿಆರ್-4 ಎಂಬ ಒಂದೇ ರಿಟರ್ನ್ ನಮೂನೆಯಲ್ಲಿ ತೋರಿಸುತ್ತೇನೆ. ಯಾರಿಂದಲೂ ಏನನ್ನೂ ಬಚ್ಚಿಟ್ಟಿಲ್ಲ.

ತಮ್ಮಿಂದಲೂ ಬಚ್ಚಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ, ಕಾಲೇಜುಗಳ ಗುಣಮಟ್ಟ ಅಳೆದು ಶ್ರೇಣಿ ಕೊಡುವ ನ್ಯಾಕ್‌ನ ಪರಿಶೀಲನೆಗೆ ತಯಾರಿ ನಡೆದಾಗ ಕೈಗಾರಿಕಾ ಭೇಟಿಯ ದಾಖಲೆ ಸಾಲದು ಎಂದು ಪ್ರಾಂಶುಪಾಲರು ಚಿಂತೆಯಲ್ಲಿದ್ದರು. ನಮ್ಮ ಘಟಕಕ್ಕೇ ಮಕ್ಕಳನ್ನು ಕರೆದುಕೊಂಡು ಹೋದೆ. ನಲವತ್ತು ಮಕ್ಕಳು ಪಡಸಾಲೆಯಲ್ಲಿ ನಿಂತ ಫೋಟೊ ಆ ಕಡತದಲ್ಲಿದೆ. ಅಮ್ಮ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಟ್ಟಿದ್ದರು. ವರದಿಗೆ ಕಾರ್ಯದರ್ಶಿಯವರ ಸಹಿಯಿದೆ. ಉದ್ಯಮಶೀಲತಾ ಕೋಶಕ್ಕೆ ನನ್ನನ್ನು ಸಂಚಾಲಕಿ ಮಾಡಿದ್ದೂ ಆ ಭೇಟಿಯ ನಂತರವೇ. ಅಂದು ಸಂಸ್ಥೆಗೆ ಹೆಮ್ಮೆಯಾಗಿದ್ದದ್ದು ಇಂದು ಅಪರಾಧವಾಗಿ ‘ಗಮನಕ್ಕೆ ಬಂದಿದೆ’ ಎಂದು ಓದಿದಾಗ ನನಗೆ ನಿಜವಾಗಿ ನೋವಾಯಿತು.

ತರಗತಿಯಲ್ಲಿ ನಡೆದ ಒಂದು ಸಂಗತಿ ಹೇಳಬೇಕು. ಕಾಸ್ಟ್ ಅಕೌಂಟಿಂಗ್ ಪಾಠಕ್ಕೆ ಒಂದು ದಿನ ಹೊಲಿಯದ ಒಂದು ಪ್ಯಾಂಟನ್ನೇ ತೆಗೆದುಕೊಂಡು ಹೋಗಿದ್ದೆ. ಮುಂದಿನ ಎರಡು ಪೀಸು, ಹಿಂದಿನ ಎರಡು, ಯೋಕ್, ಜೇಬಿನ ಬಿಳಿ ಬಟ್ಟೆ, ಸೊಂಟಪಟ್ಟಿ, ಲೂಪು, ಜಿಪ್, ಒಂದು ಬಟನ್, ಚಿಕ್ಕ ಪೊಟ್ಟಣದಲ್ಲಿ ರಿವೆಟ್. ಮೇಜಿನ ಮೇಲೆ ಹರಡಿ, ಇದರ ಕಾಸ್ಟ್ ಶೀಟ್ ಬರೆಯಿರಿ ಎಂದೆ. ಒಂದೂಕಾಲು ಮೀಟರ್ ಡೆನಿಮ್, ದಾರ, ಹೊಲಿಗೆ ಕೂಲಿ, ಕರೆಂಟು, ಬಾಡಿಗೆ ಎಲ್ಲ ಬಂತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ನಮ್ಮಮ್ಮ ಮನಿಯಾಗ ಕುಂತು ದಾರ ಕಟ್ ಮಾಡ್ತಾಳಲ್ಲ, ಅದು ಇದ್ರಾಗ ಎಲ್ಲಿ ಬರ್ತೈತಿ?” ಎಂದಳು.

ಪುಸ್ತಕದ ಉದಾಹರಣೆಗಳಲ್ಲಿ ಕಾರ್ಖಾನೆಯಿದೆ, ಸೂಪರ್‌ವೈಸರ್ ಇದ್ದಾನೆ, ಮನೆಯ ಕಟ್ಟೆಯ ಮೇಲೆ ಕೂತು ಕತ್ತರಿಯಿಂದ ದಾರದ ತುದಿ ಕತ್ತರಿಸುವ ಹೆಂಗಸು ಇಲ್ಲ. ಪೀಸಿನ ಲೆಕ್ಕದಲ್ಲಿ ಕೊಡುವ ಕೂಲಿ, ಪ್ರತಿ ಪ್ಯಾಂಟಿಗೂ ನೇರವಾಗಿ ತಗಲುತ್ತದೆ, ಆದ್ದರಿಂದ ನೇರ ಕೂಲಿ ಎಂದು ಬೋರ್ಡಿನ ಮೇಲೆ ಬರೆಸಿದೆ. ಪೀಸಿಗೆ ಎಷ್ಟು ಎಂದು ಆಕೆಯನ್ನೇ ಕೇಳಿದೆ. “ಎರಡು ರೂಪಾಯಿ” ಎಂದಳು. ನಮ್ಮ ಘಟಕದಲ್ಲಿ ಕೊಡುತ್ತಿದ್ದದ್ದೂ ಅಷ್ಟೇ. ಉಳಿದ ಅಂಕಣಗಳನ್ನು ಕೂಡುವಾಗ ನನ್ನ ಧ್ವನಿ ಸಣ್ಣದಾಯಿತು. ಆ ತಿಂಗಳಿನಿಂದ ನಮ್ಮಲ್ಲಿ ಎರಡೂವರೆ ಮಾಡಿದೆ, ಅಷ್ಟೇ ನನ್ನಿಂದಾಯಿತು. ಆದರೆ ಆ ತರಗತಿಯ ಒಬ್ಬ ವಿದ್ಯಾರ್ಥಿಯೂ ಪ್ರೈಮ್ ಕಾಸ್ಟ್ (ನೇರ ಖರ್ಚುಗಳ ಮೊತ್ತ) ಎಂದರೇನು ಎಂಬುದನ್ನು ಇನ್ನು ಮರೆಯುವುದಿಲ್ಲ. ಜಿಎಸ್‌ಟಿ ಪಾಠ ಮಾಡುವಾಗಲೂ ಹೀಗೇ. ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ ಹಣ ಕೊಡಬೇಕೆಂಬ 2006ರ ಕಾಯ್ದೆಯನ್ನು ಓದಿ ಹೇಳುವುದು ಬೇರೆ, ಮೂರು ತಿಂಗಳಾದರೂ ಹಣ ಬಾರದ ಬಿಲ್ಲು ಕೈಯಲ್ಲಿಟ್ಟುಕೊಂಡು ಹೇಳುವುದು ಬೇರೆ.

ತಮ್ಮ ಆತಂಕ ಸುಳ್ಳೆಂದು ನಾನು ಹೇಳುವುದಿಲ್ಲ. ವ್ಯಾಪಾರ ಪಾಠವನ್ನು ತಿಂದದ್ದನ್ನು ನಾನೂ ಕಂಡಿದ್ದೇನೆ. ಈ ಹಿಂದೆ ಕೆಲಸ ಮಾಡಿದ ಕಾಲೇಜಿನಲ್ಲಿ ಸೈಟು ಮಾರುವ ಒಬ್ಬರಿದ್ದರು. ಪಾಠದ ಮಧ್ಯೆ ಫೋನ್ ಬಂದರೆ ವರಾಂಡಕ್ಕೆ ಹೋಗಿ ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು, ಮಕ್ಕಳು ಬೋರ್ಡು ನೋಡುತ್ತ ಕೂತಿರುತ್ತಿದ್ದರು. ತರಗತಿಯಲ್ಲಿ ಅರ್ಧ ಪಾಠ ಮಾಡಿ, ಉಳಿದದ್ದು ಸಂಜೆ ನನ್ನ ಕೋಚಿಂಗಿನಲ್ಲಿ ಎನ್ನುವವರನ್ನೂ ಕಂಡಿದ್ದೇನೆ. ತನ್ನ ವಿದ್ಯಾರ್ಥಿಯ ತಂದೆಗೇ ಪಾಲಿಸಿ ಮಾರುವುದು, ಇಂಟರ್ನಲ್ ಅಂಕ ತನ್ನ ಕೈಯಲ್ಲಿರುವ ಹುಡುಗನನ್ನು ತನ್ನ ಅಂಗಡಿಯಲ್ಲಿ ದುಡಿಸುವುದು, ಇವು ತಪ್ಪು. ಇಂಥವರ ಮೇಲೆ ಕ್ರಮ ಕೈಗೊಂಡರೆ ಮೊದಲು ಬೆಂಬಲಿಸುವವಳು ನಾನು.

ನನ್ನಿಂದಲೂ ಒಮ್ಮೆ ತಪ್ಪಾಗಿದೆ, ಅದನ್ನು ಮುಚ್ಚಿಟ್ಟರೆ ಈ ಪತ್ರಕ್ಕೆ ಬೆಲೆಯಿಲ್ಲ. ಮೂರು ವರ್ಷದ ಹಿಂದೆ ದಸರಾ ಮುಂಚಿನ ಆರ್ಡರ್ ಒಪ್ಪಿಕೊಂಡಿದ್ದೆ. ಆ ವಾರ ಕರೆಂಟು ಮೇಲಿಂದ ಮೇಲೆ ಹೋಗಿ, ಎರಡು ರಾತ್ರಿ ಟೈಲರುಗಳ ಜತೆ ನಾನೂ ಎದ್ದಿದ್ದೆ. ಮಾರನೆಯ ದಿನ ಏನೂ ತಯಾರಿಯಿಲ್ಲದೆ ತರಗತಿಗೆ ಹೋಗಿ ಹಳೇ ನೋಟ್ಸ್ ಬರೆಸಲು ಕೂತೆ. ಹತ್ತು ನಿಮಿಷದ ಮೇಲೆ ಮುಂದಿನ ಸಾಲಿನ ಹುಡುಗ ಮೆಲ್ಲಗೆ, “ಮೇಡಂ, ಇದು ಹೋದ ವಾರ ಬರೆಸಿದ್ರಿ” ಎಂದ. ಯಾರೂ ನಗಲಿಲ್ಲ. ಅದು ಇನ್ನೂ ಚುಚ್ಚುತ್ತದೆ. ಅಂದಿನಿಂದ ಹಬ್ಬದ ತುರ್ತು ಆರ್ಡರ್ ಹಿಡಿಯುವುದಿಲ್ಲ. ಪರೀಕ್ಷೆ, ಮೌಲ್ಯಮಾಪನದ ತಿಂಗಳಲ್ಲಿ ನಾಲ್ಕೇ ಯಂತ್ರ ಓಡುತ್ತವೆ. ಅದರಿಂದ ಒಬ್ಬ ಒಳ್ಳೆಯ ಗಿರಾಕಿ ಕೈಬಿಟ್ಟ, ಬಿಡಲಿ ಎಂದು ಸುಮ್ಮನಾದೆ. ಅವತ್ತು ನನ್ನನ್ನು ಕರೆದು ಕೇಳಿದ್ದರೆ ತಲೆತಗ್ಗಿಸಿ ಉತ್ತರ ಕೊಡುತ್ತಿದ್ದೆ. ಯಾರೂ ಕೇಳಲಿಲ್ಲ, ಏಕೆಂದರೆ ನಮ್ಮಲ್ಲಿ ಪಾಠ ಹೇಗೆ ನಡೆಯುತ್ತದೆ ಎಂದು ನೋಡುವ ಪದ್ಧತಿಯೇ ಇಲ್ಲ. ತರಗತಿಯ ಬಾಗಿಲಿಗೆ ಬಾರದವರು ನನ್ನ ಮನೆಯ ಬಾಗಿಲಿಗೆ ಬಂದು ಯಂತ್ರ ಎಣಿಸಿದ್ದಾರೆ.

ಯುಜಿಸಿಯ ವೃತ್ತಿ ನೀತಿಸಂಹಿತೆಯನ್ನು ಮೆಮೊದಲ್ಲಿ ಉಲ್ಲೇಖಿಸಿದ್ದೀರಿ. ಅದನ್ನು ದಯವಿಟ್ಟು ಇನ್ನೊಮ್ಮೆ ಓದಿ. ಖಾಸಗಿ ಟ್ಯೂಷನ್, ಕೋಚಿಂಗ್ ಸೇರಿದಂತೆ ವೃತ್ತಿಯ ಹೊಣೆಗೆ ಅಡ್ಡಿಯಾಗಬಹುದಾದ ಬೇರೆ ಉದ್ಯೋಗದಿಂದ ಶಿಕ್ಷಕರು ದೂರವಿರಬೇಕು ಎಂದು ಅದು ಹೇಳುತ್ತದೆ. ಅಡ್ಡಿಯಾಗುತ್ತದೆಯೇ ಎಂಬುದೇ ಅಲ್ಲಿರುವ ಅಳತೆಗೋಲು. ನನ್ನ ಘಟಕದಿಂದ ಯಾವ ತರಗತಿಗೆ, ಯಾವ ದಿನ, ಏನು ಅಡ್ಡಿಯಾಯಿತು ಎಂಬ ಒಂದು ಸಾಲೂ ಮೆಮೊದಲ್ಲಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮ ಬಂತು, 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಎರಡು ಸಲವೂ ಎಲ್ಲ ವಿಷಯಕ್ಕೆ ಹೊಸ ನೋಟ್ಸ್ ಬರೆದಿದ್ದೇನೆ, ಒಂದು ಸೆಮಿಸ್ಟರಿನಲ್ಲೂ ಸಿಲಬಸ್ ಬಾಕಿ ಉಳಿಸಿಲ್ಲ.

ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ (ಇಂದಿನ ಶಿಕ್ಷಣ ಸಚಿವಾಲಯ) 2019ರಲ್ಲಿ ವಿದ್ಯಾರ್ಥಿಗಳಿಗೂ ಬೋಧಕರಿಗೂ ಸೇರಿ ನಾವೀನ್ಯ ಮತ್ತು ಸ್ಟಾರ್ಟಪ್ ನೀತಿ ತಂದಿತು. ಸ್ವಂತ ಉದ್ಯಮ ಕಟ್ಟುವ ಬೋಧಕರಿಗೆ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ರಜೆ ಕೊಡಲು ಅದರಲ್ಲಿ ಅವಕಾಶವಿದೆ. ಜತೆಗೇ ಕಾಲೇಜಿನ ಕೆಲಸ ಬೇರೆ, ಉದ್ಯಮದ ಕೆಲಸ ಬೇರೆ ಎಂದು ಗೆರೆ ಎಳೆದುಕೊಳ್ಳಬೇಕು, ಸಂಸ್ಥೆಯ ಸಿಬ್ಬಂದಿಯನ್ನು ಉದ್ಯಮಕ್ಕೆ ಬಳಸಬಾರದು ಎಂಬ ಕಟ್ಟೂ ಇದೆ. ಹದಿನೈದು ವರ್ಷ ಕಸುಬಿನಲ್ಲಿ ಪಳಗಿದವರನ್ನು, ಪದವಿ ಇಲ್ಲದಿದ್ದರೂ, ಮಂಜೂರಾದ ಹುದ್ದೆಗಳ ಶೇ 10ರ ಮಿತಿಯಲ್ಲಿ ಪ್ರಾಧ್ಯಾಪಕರಾಗಿ ಕರೆತನ್ನಿ ಎಂದು ಯುಜಿಸಿ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕಸುಬು ಗೊತ್ತಿದ್ದವರು ತರಗತಿಗೆ ಬರಲಿ ಎಂದು ದೇಶದ ಉನ್ನತ ಶಿಕ್ಷಣ ಬಯಸುತ್ತಿರುವಾಗ, ತರಗತಿಯಲ್ಲಿರುವವಳು ಕಸುಬು ಬಿಡಲಿ ಎನ್ನುವುದು ಯಾವ ವಿವೇಕ?

ಇನ್ನೊಂದು ಮಾತು ತಮ್ಮ ಮನಸ್ಸಿಗೆ ಮುಟ್ಟಬೇಕೆಂದು ಬರೆಯುತ್ತೇನೆ. ನನ್ನಲ್ಲಿ ಹೊಲಿಯುವವರ ಕಸುಬಿಗೆ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ವೇತನವಿದೆ. ಶಿಕ್ಷಕರು 1948ರ ಕನಿಷ್ಠ ವೇತನ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು. ಹಾಗಾಗಿ ಇಷ್ಟು ವರ್ಷ ನನ್ನ ಸಂಬಳಕ್ಕೆ ತಳವೆಂಬುದಿದ್ದರೆ ಅದು ತಮ್ಮ ಮನಸ್ಸು ಮಾತ್ರವಾಗಿತ್ತು. ಮಂಡಳಿಯ ಹೆಚ್ಚಿನ ಸದಸ್ಯರು ವ್ಯಾಪಾರಸ್ಥರು. ಅಕ್ಕಿ ಗಿರಣಿ, ಲಾರಿ, ಔಷಧ ಅಂಗಡಿ ನಡೆಸುತ್ತಲೇ ಕಾಲೇಜು ಕಟ್ಟಿ ಬೆಳೆಸಿದ್ದೀರಿ. ಎರಡು ಕೆಲಸ ಹೊತ್ತವರಿಗೆ ಎರಡರಲ್ಲೂ ನಿಷ್ಠೆ ಇರಲು ಸಾಧ್ಯ ಎಂಬುದಕ್ಕೆ ನನ್ನ ಕಣ್ಣೆದುರಿನ ಸಾಕ್ಷಿ ತಾವೇ. ಆ ನಂಬಿಕೆಯನ್ನು ನಮ್ಮ ಮೇಲೂ ಇಡಿ.

ನಿಷೇಧದಿಂದ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. ಮೆಮೊ ಬಂದ ಸಂಜೆಯೇ ಹಿರಿಯ ಸಹೋದ್ಯೋಗಿಯೊಬ್ಬರು, “ಅಮ್ಮನ ಹೆಸರಿಗೆ ಮಾಡಿ ಮುಚ್ಚಳಿಕೆ ಬರೆದುಕೊಟ್ಟುಬಿಡಮ್ಮ, ಎಲ್ಲರೂ ಮಾಡೋದು ಅದೇ” ಎಂದರು. ಪ್ರೀತಿಯಿಂದಲೇ ಹೇಳಿದರು. ಹೆಂಡತಿಯ ಹೆಸರಿನಲ್ಲಿ ಗೊಬ್ಬರದಂಗಡಿ, ತಮ್ಮನ ಹೆಸರಿನಲ್ಲಿ ಝೆರಾಕ್ಸ್ ಅಂಗಡಿ ನಡೆಸುವವರು ಮುಚ್ಚಳಿಕೆ ಕೊಟ್ಟು ನೆಮ್ಮದಿಯಾಗಿದ್ದಾರೆ. ಸಿಕ್ಕಿಬಿದ್ದವಳು ಎಲ್ಲವನ್ನೂ ತನ್ನ ಹೆಸರಿನಲ್ಲಿಟ್ಟುಕೊಂಡವಳು. ಮಕ್ಕಳಿಗೆ ಲೆಕ್ಕಪತ್ರದ ಪ್ರಾಮಾಣಿಕತೆ ಕಲಿಸಿ ಬಂದು ಅದೇ ಕೈಯಿಂದ ಸುಳ್ಳು ಮುಚ್ಚಳಿಕೆಗೆ ಸಹಿ ಹಾಕಲು ನನ್ನಿಂದಾಗದು.

ಆದ್ದರಿಂದ ತಮ್ಮಲ್ಲಿ ನನ್ನ ಮನವಿ ಇದು. ಈ ಮೆಮೊಗಳನ್ನು ಹಿಂಪಡೆಯಿರಿ. ಅದರ ಬದಲಿಗೆ ಪ್ರತಿ ವರ್ಷ ಜೂನ್‌ನಲ್ಲಿ ಪ್ರತಿಯೊಬ್ಬ ಬೋಧಕರೂ ತಮ್ಮ ಹೊರಗಿನ ಉದ್ಯೋಗ ಏನು, ಎಷ್ಟು ಹೊತ್ತು, ಯಾರ ಹೆಸರಿನಲ್ಲಿ ಎಂದು ಒಂದು ಪುಟದಲ್ಲಿ ಬರೆದುಕೊಡುವ ಪದ್ಧತಿ ತನ್ನಿ. ಕಾಲೇಜಿನ ವೇಳೆಯಲ್ಲಿ ಆ ಕೆಲಸ ಕೂಡದು, ನಮ್ಮ ವಿದ್ಯಾರ್ಥಿಗಳಿಗೆ ಅಥವಾ ಅವರ ಮನೆಯವರಿಗೆ ಏನನ್ನೂ ಮಾರಕೂಡದು, ನಮ್ಮ ವಿದ್ಯಾರ್ಥಿಗಳಿಗೆ ಹಣ ಪಡೆದು ಟ್ಯೂಷನ್ ಹೇಳಕೂಡದು ಎಂದು ಸ್ಪಷ್ಟವಾಗಿ ಬರೆಯಿರಿ. ಮುರಿದವರ ಮೇಲೆ ಕ್ರಮ ಕೈಗೊಳ್ಳಿ. ಸೆಮಿಸ್ಟರಿಗೆ ಎರಡು ಸಲ ಮುನ್ಸೂಚನೆ ಕೊಡದೆ ತರಗತಿಯ ಹಿಂದಿನ ಬೆಂಚಿನಲ್ಲಿ ಬಂದು ಕೂತುಕೊಳ್ಳಿ. ಹೆಸರು ಬರೆಯದೆ ಅಭಿಪ್ರಾಯ ಕೊಡಲು ಮಕ್ಕಳಿಗೂ ಅವಕಾಶ ಮಾಡಿಕೊಡಿ, ನನ್ನಿಂದಲೇ ಶುರು ಮಾಡಿ. ವ್ಯಾಪಾರ ಬೇಡವೇ ಬೇಡ ಎಂದು ತಮಗೆ ಅನ್ನಿಸಿದರೆ ಹನ್ನೆರಡು ತಿಂಗಳ ಸಂಬಳ, ತಿಂಗಳ ಹತ್ತನೇ ತಾರೀಕಿನೊಳಗೆ, ಭವಿಷ್ಯ ನಿಧಿ ಸಮೇತ ಕೊಡುವ ಒಪ್ಪಂದವನ್ನು ಮುಂದಿಡಿ. ಅದನ್ನು ಓದಿ, ಲೆಕ್ಕ ಹಾಕಿ, ಬಿಡುವುದೋ ಇರುವುದೋ ಎಂದು ನಾವು ತೀರ್ಮಾನಿಸುತ್ತೇವೆ.

ವಿಚಾರಣೆಯಿಲ್ಲದೆ ಖಾಸಗಿ ಶಿಕ್ಷಣ ಸಂಸ್ಥೆಯ ನೌಕರರನ್ನು ವಜಾ ಮಾಡಲು 1975ರ ಶಿಸ್ತು ಮತ್ತು ನಿಯಂತ್ರಣ ಕಾಯ್ದೆ ಬಿಡುವುದಿಲ್ಲ ಎಂಬುದು ನನಗೆ ಗೊತ್ತು. ಮೇಲ್ಮನವಿಗೆ ನ್ಯಾಯಮಂಡಳಿಯೂ ಇದೆ. ಆದರೆ ಹನ್ನೊಂದು ವರ್ಷ ಉಂಡ ಮನೆಯ ವಿರುದ್ಧ ವಕಾಲತ್ತು ಹಾಕುವ ಆಸೆ ನನಗಿಲ್ಲ. ಮಂಡಳಿಯ ಮುಂದಿನ ಸಭೆಗೆ ನಮ್ಮ ಮೂವರನ್ನೂ ಕರೆಯಿರಿ, ಅರ್ಧ ಗಂಟೆ ಕೊಡಿ. ಹಾಜರಿ ಪುಸ್ತಕ, ಪಾಠದ ಡೈರಿ, ಘಟಕದ ಲೆಕ್ಕ ಮೂರನ್ನೂ ತರುತ್ತೇನೆ.

ಮುಚ್ಚಳಿಕೆ ಬರೆದುಕೊಡುವುದಿಲ್ಲ. ತಾವು ಕೊಟ್ಟ ಗಡುವು ಭಾನುವಾರಕ್ಕೆ ಮುಗಿಯುತ್ತದೆ. ಸೋಮವಾರ ಮೊದಲ ಅವಧಿ ನನ್ನದು, ಜಿಎಸ್‌ಟಿ ರಿಟರ್ನ್ ತುಂಬುವುದು ಹೇಗೆಂದು ಮಕ್ಕಳಿಗೆ ತೋರಿಸುತ್ತೇನೆಂದು ಹೇಳಿದ್ದೇನೆ. 9.30ಕ್ಕೆ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ವಾಣಿಜ್ಯ ವಿಭಾಗದ ಉಪನ್ಯಾಸಕಿ,
ಬಳ್ಳಾರಿ